ಆಶ್ರಯ ಕೇಳಿದ ಹಲ್ಲುಸೆಟ್ಟು

ಆ ಬೀದಿಯಲ್ಲಿ ಅವನ ನಿಜವಾದ ಹೆಸರು ಗೊತ್ತಿದ್ದದ್ದು ಹೆಂಡತಿಗೆ ಮತ್ತು ಅಂಚೆಯವನಿಗೆ ಮಾತ್ರ. ಉಳಿದವರಿಗೆಲ್ಲ ಅವನು ಹಲ್ಲಪ್ಪ. ಹಾಗೆಂದು ಅವನೇನೂ ಹಲ್ಲಿನ ಡಾಕ್ಟರಲ್ಲ. ಹಲ್ಲಿಲ್ಲದವರ ಬಾಯಿಯ ಅಚ್ಚು ತೆಗೆದು ಕಳಿಸುವವರು ಡಾಕ್ಟರು. ಆ ಅಚ್ಚಿಗೆ ಪ್ಲಾಸ್ಟರು ಹುಯ್ದು, ಮೇಣದಲ್ಲಿ ಒಸಡು ಕಟ್ಟಿ, ಹಲ್ಲುಗಳನ್ನು ಒಂದೊಂದಾಗಿ ಕೂರಿಸಿ, ಬೇಯಿಸಿ, ಉಜ್ಜಿ, ಹೊಳಪು ಬರಿಸಿ ಸೆಟ್ಟು ಮಾಡುವವನು ಇವನು. ಊರಿನ ಎಷ್ಟೋ ಹಿರಿಯರ ನಗು ತಯಾರಾದದ್ದು ಇವನ ಮನೆಯ ಹಿಂದಿನ ಕೋಣೆಯಲ್ಲಿ. ಅವರು ಬೀದಿಯಲ್ಲಿ ಎದುರಾದರೆ ಇವನು ಮುಖ ನೋಡುವುದಿಲ್ಲ, ಬಾಯಿ ನೋಡುತ್ತಾನೆ. ಅವರು ಇವನನ್ನು ಸ್ವಲ್ಪ ತಲೆ ಕೆಟ್ಟವನೆಂದು ತಿಳಿದು ಬೇಗ ಬೇಗ ದಾಟಿ ಹೋಗುತ್ತಾರೆ.

ಹಲ್ಲಪ್ಪನಿಗೆ ಇಬ್ಬರು ಗಂಡುಮಕ್ಕಳು. ದೊಡ್ಡವನಿಗೆ ಏಳೂವರೆ. ಮಾತಿಗೆ ಮಾತು ಜೋಡಿಸಿ ಎದುರಿಗಿದ್ದವರಿಗೆ ನೀರು ಕುಡಿಸುತ್ತಿದ್ದುದರಿಂದ ಅವನು ಮನೆಯಲ್ಲಿ ವಕೀಲ. ಚಿಕ್ಕವನಿಗೆ ಐದು. ಅವನು ಮರಿ. ಯಾವುದರ ಮರಿ ಎನ್ನುವುದು ದಿನಕ್ಕೊಂದು ರೀತಿ: ಸೋಮವಾರ ಆನೆಯದು, ಮಂಗಳವಾರ ರೈಲು ಎಂಜಿನ್ನಿನದು. ಈ ಕಥೆ ನಡೆದ ಬುಧವಾರ ಅವನು ಸಮುದ್ರದ ತಳಕ್ಕೆ ಇಳಿಯುವ ಈಜುಗಾರ. ಬೆನ್ನಿಗೆ ಮನೆಯ ಹಳೆಯ ಅಗಲ ಬಾಯಿಯ ಫ್ಲಾಸ್ಕನ್ನು ಪಟ್ಟಿಯಿಂದ ಬಿಗಿದುಕೊಂಡು, ಅದು ಗಾಳಿಯ ಸಿಲಿಂಡರ್ ಎಂದು ಸಾರಿ, ಬೆಳಗ್ಗೆಯಿಂದ ಮಂಚದ ಕೆಳಗೆ ತೆವಳುತ್ತಿದ್ದ. ಶಾಲೆಗೆ ರಜೆ. ಹೆಂಡತಿ ರೈಲು ನಿಲ್ದಾಣದಲ್ಲಿ ಟಿಕೆಟ್ ಕೊಡುವವಳು. ಬೆಳಗ್ಗೆ ಏಳಕ್ಕೆ ಹೋದರೆ ಸಂಜೆ ಆರಕ್ಕೇ ಬರುವುದು. ದಿನವಿಡೀ ಜಗತ್ತಿನ ಜನರ ಜೊತೆ ಜಗಳವಾಡುವುದು ಸುಲಭ, ನಿಮ್ಮ ಮೂವರ ಜೊತೆ ಅಲ್ಲ ಎನ್ನುವುದು ಅವಳ ಖಚಿತ ಅಭಿಪ್ರಾಯ. ಮೂವರು ಎಂದಾಗ ಗಂಡನನ್ನೂ ಲೆಕ್ಕಕ್ಕೆ ಹಿಡಿದಿದ್ದಾಳೆ ಎಂಬುದನ್ನು ಗಮನಿಸಿ.

ಹಿಡಿದದ್ದು ತಪ್ಪೂ ಅಲ್ಲ. ಮಕ್ಕಳು ಕೆಲಸದ ಮೇಜಿಗೆ ಕೈ ಹಾಕಬಾರದೆಂದು ಬೇರೆ ತಂದೆಯಾದರೆ ಗದರುತ್ತಿದ್ದ, ಇಲ್ಲವೇ ಬಾಗಿಲಿಗೆ ಚಿಲಕ ಹಾಕುತ್ತಿದ್ದ. ಹಲ್ಲಪ್ಪ ಎರಡು ವರ್ಷದ ಹಿಂದೆ ಒಂದು ದಿನ, "ಈ ಸೆಟ್ಟುಗಳಿಗೆ ಜೀವ ಇದೆ ಕಣ್ರೋ. ನನ್ನ ಕೈಯಲ್ಲಿದ್ರೆ ಮಾತ್ರ ಮಾತಾಡ್ತವೆ. ನೀವು ಮುಟ್ಟಿದ್ರೆ ಮುನಿಸ್ಕೊಳ್ತವೆ" ಎಂದು ಹೇಳಿಬಿಟ್ಟ. ಹೇಳಿ ಸುಮ್ಮನಿರಬೇಕಿತ್ತು. ಕೈಯಲ್ಲಿದ್ದ ಸೆಟ್ಟನ್ನು ಟಕಟಕ ಆಡಿಸಿ, "ಹೌದು, ಹೌದು" ಎಂದು ಕೀರಲು ದನಿಯಲ್ಲಿ ಅನ್ನಿಸಿಯೂ ಬಿಟ್ಟ. ಅಲ್ಲಿಗೆ ಮುಗಿಯಿತು. ಅಂದಿನಿಂದ ಸಂದರ್ಶನವಿಲ್ಲದೆ ಆ ಮನೆಯಿಂದ ಒಂದು ಸೆಟ್ಟೂ ಹೊರಗೆ ಹೋಗಿಲ್ಲ. ಹೊಳಪಿನ ಕೆಲಸ ಮುಗಿದ ಕೂಡಲೇ ವಕೀಲ ಸ್ಟೂಲಿನ ಮೇಲೆ ಕೂತು ಪ್ರಶ್ನೆ ಕೇಳುತ್ತಾನೆ. ಮರಿ ಕಾಗದದ ಮೇಲೆ ಸುರುಳಿ ಸುರುಳಿ ಗೀಚಿ ಉತ್ತರ ಬರೆದುಕೊಳ್ಳುತ್ತಾನೆ. ಹಲ್ಲಪ್ಪ ಸೆಟ್ಟಿನ ದನಿಯಲ್ಲಿ ಉತ್ತರಿಸುತ್ತಾನೆ. ಒಂದೊಂದು ಸೆಟ್ಟಿಗೆ ಒಂದೊಂದು ದನಿ. ಒಮ್ಮೆ ಕೊಟ್ಟ ದನಿಯನ್ನು ಇನ್ನೊಂದಕ್ಕೆ ಕೊಟ್ಟರೆ ವಕೀಲ ತಕ್ಷಣ ಹಿಡಿಯುತ್ತಾನೆ.

ಇದೆಲ್ಲ ಚಂದವೇ. ಆದರೆ ಕೆಲಸ ಕೊಡುತ್ತಿದ್ದ ಡಾಕ್ಟರಿಗೆ ಇದರ ಚಂದ ಗೊತ್ತಿರಲಿಲ್ಲ. ಕಳೆದ ತಿಂಗಳು ವಕೀಲ ಹಳೆಯ ಕಾಲದ ಮೂಳೆ ಅಗೆಯುವ ಆಟಕ್ಕೆಂದು ಒಂದು ಪ್ಲಾಸ್ಟರ್ ಅಚ್ಚನ್ನು ಹೂಕುಂಡದಲ್ಲಿ ಹೂತು, ಯಾವ ಹೂಕುಂಡ ಎಂಬುದನ್ನು ಮರೆತ. ಅದರ ಮುಂದಿನ ವಾರ ಮರಿ ಇನ್ನೊಂದು ಅಚ್ಚಿನ ಹಲ್ಲುಗಳಿಗೆಲ್ಲ ನೀಲಿ ಬಳಪ ಬಳಿದ. ಎರಡು ಸಲವೂ ಕೆಲಸ ತಡವಾಯಿತು. ಡಾಕ್ಟರು ಫೋನಿನಲ್ಲಿ ದನಿಯೇರಿಸದೆ ಮಾತಾಡಿದರು. ಅದೇ ಭಯ ಹುಟ್ಟಿಸುವಂತಿತ್ತು. "ಬುಧವಾರ ಸಂಜೆ ನಾಲ್ಕಕ್ಕೆ ದೊಡ್ಡಮೇಡಂ ಸೆಟ್ಟು ನನ್ನ ಟೇಬಲ್ ಮೇಲಿರಬೇಕು. ಇಲ್ಲಾಂದ್ರೆ ಇನ್ಮೇಲೆ ಎಲ್ಲಾ ಕೆಲಸ ದೊಡ್ಡ ಲ್ಯಾಬಿಗೆ. ನೀವೂ ಅಲ್ಲೇ ಕೆಲಸಕ್ಕೆ ಸೇರ್ಕೊಳ್ಳಿ, ನಾನೇ ಒಂದು ಮಾತು ಹೇಳ್ತೀನಿ."

ದೊಡ್ಡ ಲ್ಯಾಬು ಎಂದರೆ ಹಲ್ಲಪ್ಪನಿಗೆ ಗೊತ್ತಿಲ್ಲದ್ದಲ್ಲ. ಮರಿ ಹುಟ್ಟುವವರೆಗೆ ಅಲ್ಲೇ ದುಡಿದಿದ್ದ. ಬೆಳಗ್ಗೆ ಎಂಟರಿಂದ ರಾತ್ರಿ ಎಂಟು. ಮಗು ಏಳುವ ಮೊದಲೇ ಹೋಗಿ, ಮಲಗಿದ ಮೇಲೆ ಬರುತ್ತಿದ್ದ. ಒಂದು ಭಾನುವಾರ ಎರಡು ವರ್ಷದ ವಕೀಲ ಇವನನ್ನು ಮೇಲಿಂದ ಕೆಳಗಿನವರೆಗೆ ನೋಡಿ, "ಅಮ್ಮಾ, ಮಾಮ ಬಂದಿದಾರೆ" ಎಂದು ಒಳಗೆ ಓಡಿದ್ದ. ಆ ಮಾತು ಇವನ ಎದೆಯಲ್ಲಿ ಈಗಲೂ ಮುಳ್ಳಿನಂತೆ ಇದೆ. ಮತ್ತೆ ಮಾಮ ಆಗುವುದಕ್ಕೆ ಅವನು ತಯಾರಿರಲಿಲ್ಲ.

ಹಾಗಾಗಿ ಈ ಸೆಟ್ಟಿನ ಕೆಲಸವನ್ನು ಅವನು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಮಾಡಿದ. ದೊಡ್ಡಮೇಡಂ ಎಂದರೆ ಊರಿನ ಹಳೆಯ ಶಾಲೆಯಲ್ಲಿ ಮೂವತ್ತಾರು ವರ್ಷ ಪಾಠ ಹೇಳಿ ಮುಖ್ಯೋಪಾಧ್ಯಾಯಿನಿಯಾಗಿ ನಿವೃತ್ತರಾದವರು. ಮೂರು ವಾರದ ಹಿಂದೆ ಅವರ ಹಳೆಯ ಸೆಟ್ಟು ಬಚ್ಚಲಿನಲ್ಲಿ ಬಿದ್ದು ಚೂರುಚೂರಾಗಿತ್ತು. ಅಂದಿನಿಂದ ಅವರು ಯಾರೊಂದಿಗೂ ಮಾತಾಡಿರಲಿಲ್ಲ. ಈ ಬುಧವಾರ ಸಂಜೆ ಆರಕ್ಕೆ ಅದೇ ಶಾಲೆಯಲ್ಲಿ ಹೊಸ ಗ್ರಂಥಾಲಯ ತೆರೆಯುವುದಿತ್ತು, ಭಾಷಣ ಅವರದೇ.

ಮಧ್ಯಾಹ್ನ ಒಂದಕ್ಕೆ ಹೊಳಪು ಮುಗಿಯಿತು. ಇಷ್ಟು ಒಳ್ಳೆಯ ಸೆಟ್ಟನ್ನು ತಾನು ಇದುವರೆಗೆ ಮಾಡಿಲ್ಲ ಎನ್ನಿಸಿ ಹಲ್ಲಪ್ಪನಿಗೆ ಖುಷಿ ಉಕ್ಕಿತು. ಮನುಷ್ಯನಿಗೆ ಖುಷಿ ಉಕ್ಕಿದಾಗ ಬಾಯಿಗೆ ಬೀಗ ಹಾಕಿಕೊಳ್ಳಬೇಕು. ಅವನು ಹಾಕಿಕೊಳ್ಳಲಿಲ್ಲ.

"ಯಾರ ಬಾಯಿಗೆ ಹೋಗ್ತಿದೀಯ?" ವಕೀಲ ಸ್ಟೂಲಿನ ಮೇಲಿಂದ ಕೇಳಿದ.

"ಅಯ್ಯೋ, ದೊಡ್ಡಮೇಡಂ ಬಾಯಿಗಂತೆ!" ಸೆಟ್ಟು ಹಲ್ಲಪ್ಪನ ಕೈಯಲ್ಲಿ ಗಡಗಡ ನಡುಗಿತು. "ಮೂವತ್ತಾರು ವರ್ಷ ಮಕ್ಕಳನ್ನ ಗದರಿಸಿದ ಬಾಯಿ ಅದು. ಒಳಗೆ ಕತ್ತಲಂತೆ. ನಾನು ಇನ್ನೂ ಚಿಕ್ಕದು, ಇವತ್ತು ಬೆಳಗ್ಗೆ ಹುಟ್ಟಿದ್ದು. ನನಗೆ ಭಯ ಆಗುತ್ತೆ. ಕಾಪಾಡಿ, ಯಾರಾದ್ರೂ ಕಾಪಾಡಿ!"

ಮಕ್ಕಳು ನಗಲಿಲ್ಲ. ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನೀವು ಗಂಡುಮಕ್ಕಳನ್ನು ಸಾಕಿದವರಾದರೆ ನಿಮಗೆ ಅಲ್ಲಿಯೇ ಎದೆ ಧಸಕ್ಕೆನ್ನಬೇಕು. ಹಲ್ಲಪ್ಪ ಮಾತ್ರ ಸೆಟ್ಟನ್ನು ಬಟ್ಟಲಿನ ನೀರಿಗೆ ಹಾಕಿ, ಸಿಳ್ಳೆ ಹೊಡೆಯುತ್ತಾ ಊಟಕ್ಕೆ ಬಡಿಸಲು ಹೋದ.

ಎರಡೂವರೆಗೆ ಪೊಟ್ಟಣ ಕಟ್ಟಲೆಂದು ಬಂದು ನೋಡಿದರೆ ಬಟ್ಟಲಿನಲ್ಲಿ ಬರೀ ನೀರು.

"ಲೋ!" ಎಂದ. ಇಬ್ಬರೂ ಬಂದು ನಿಂತರು. ಕರೆದ ಒಂದೇ ಕೂಗಿಗೆ ಅವರು ಬಂದದ್ದು ಅದೇ ಮೊದಲು.

"ಸೆಟ್ಟೆಲ್ಲಿ?"

"ಅದು ಆಶ್ರಯದಲ್ಲಿದೆ," ಎಂದ ವಕೀಲ.

"ಎಲ್ಲಿದೆ?"

"ಆಶ್ರಯದಲ್ಲಿ. ಅದು ಕಾಪಾಡಿ ಅಂತು. ನಾವು ಕಾಪಾಡಿದೀವಿ. ಎಲ್ಲಿ ಅಂತ ಯಾರಿಗೂ ಹೇಳಲ್ಲ ಅಂತ ಅದಕ್ಕೆ ಮಾತು ಕೊಟ್ಟಿದೀವಿ."

ಹಲ್ಲಪ್ಪ ಮೊದಲು ನಕ್ಕ. ಆಮೇಲೆ ಗದರಿದ. ಆಮೇಲೆ ಮಿಠಾಯಿಯ ಆಸೆ ತೋರಿಸಿದ. ಮಿಠಾಯಿ ಎಂದಾಗ ಮರಿಯ ಗಂಟಲು ಒಮ್ಮೆ ಗುಟುಕ್ಕೆಂದಿತು, ಆದರೆ ಅಣ್ಣ ಅವನ ಕೈ ಹಿಡಿದುಕೊಂಡ. ಕೊನೆಗೆ ಹಲ್ಲಪ್ಪ ಸತ್ಯ ಹೇಳುವುದೇ ವಾಸಿ ಎಂದುಕೊಂಡ. "ಅದು ಮಾತಾಡಿದ್ದಲ್ಲ ಕಣ್ರೋ. ನಾನೇ ದನಿ ಬದಲಾಯಿಸಿ ಮಾತಾಡಿದ್ದು."

ಇಬ್ಬರೂ ಅವನನ್ನು ಕನಿಕರದಿಂದ ನೋಡಿದರು. ತಂದೆ ಹೆದರಿಕೊಂಡು ಸುಳ್ಳು ಹೇಳುತ್ತಿದ್ದಾನೆ ಎಂಬುದು ಅವರಿಗೆ ಸ್ಪಷ್ಟವಾಗಿತ್ತು.

"ಹಂಗಾದ್ರೆ ಒಂದು ಕೆಲಸ ಮಾಡು," ಎಂದ ವಕೀಲ, ದೊಡ್ಡ ಮನಸ್ಸು ಮಾಡಿ. "ಮಾತು ವಾಪಸ್ ತಗೊಂಡೆ ಅಂತ ಸೆಟ್ಟೇ ಹೇಳ್ಲಿ. ಹೇಳಿದ್ರೆ ತೋರಿಸ್ತೀವಿ."

"ಹೇಳುತ್ತೆ. ತಾ ಇಲ್ಲಿ."

"ತಂದ್ರೆ ತೋರಿಸಿದ ಹಂಗಾಗುತ್ತಲ್ಲ?"

"ಮತ್ತೆ ಅದು ಹೆಂಗೋ ಹೇಳುತ್ತೆ?"

"ಅದು ನಿನ್ನ ಕೈಯಲ್ಲಿದ್ರೆ ಮಾತ್ರ ಹೇಳುತ್ತೆ. ನೀನೇ ಹೇಳಿದ್ದು."

ಹಲ್ಲಪ್ಪ ತಾನೇ ಎರಡು ವರ್ಷದಿಂದ ಕಟ್ಟಿದ ಕಾನೂನು ಅದು. ಒಂದು ಸಂದೂ ಬಿಡದ ಹಾಗೆ ಕಟ್ಟಿದ್ದ. ಬೇರೆ ದಾರಿ ಕಾಣದೆ, ಕೆಟ್ಟುಹೋದ ಸೆಟ್ಟುಗಳ ಡಬ್ಬಿಯಿಂದ ಒಂದನ್ನು ತೆಗೆದು, "ನಮಸ್ಕಾರ ಮಕ್ಕಳೇ, ನಾನು ಆ ಸೆಟ್ಟಿನ ದೊಡ್ಡಪ್ಪ. ನಮ್ಮ ಹುಡುಗನನ್ನ ಮನೆಗೆ ಕಳಿಸಿಕೊಡಿ" ಎಂದು ಗಂಭೀರವಾಗಿ ಅನ್ನಿಸಿ ನೋಡಿದ.

ವಕೀಲ ಆ ಸೆಟ್ಟನ್ನು ಹತ್ತಿರದಿಂದ ಪರೀಕ್ಷಿಸಿದ. "ನಿಮಗೆ ಅದರ ಪರಿಚಯ ಹೆಂಗೆ? ನೀವು ಡಬ್ಬಿಗೆ ಹೋಗಿ ಆರು ತಿಂಗಳಾಯ್ತು. ಅದು ಹುಟ್ಟಿದ್ದು ಇವತ್ತು."

ದೊಡ್ಡಪ್ಪ ಡಬ್ಬಿಗೆ ಮರಳಿದ.

ಮುಂದಿನ ಒಂದು ಗಂಟೆ ಹಲ್ಲಪ್ಪ ಮನೆಯನ್ನು ಬುಡಮೇಲು ಮಾಡಿದ. ಅಕ್ಕಿ ಡಬ್ಬಿಗೆ ಮೊಳಕೈವರೆಗೆ ಕೈ ಹಾಕಿದ. ದಿಂಬುಗಳನ್ನು ಹಿಂಡಿದ. ಶೂಗಳನ್ನು ಕೊಡವಿದ. ಹೂಕುಂಡಗಳನ್ನು ಅಗೆದಾಗ ಕಳೆದ ತಿಂಗಳು ಕಳೆದಿದ್ದ ಅಚ್ಚು ಸಿಕ್ಕಿತು. ಅದನ್ನು ನೋಡಿ ಖುಷಿಪಡುವ ಸ್ಥಿತಿಯಲ್ಲಿ ಅವನಿರಲಿಲ್ಲ. ಮಂಚದ ಕೆಳಗೆ ತೂರಿದಾಗ ಅಲ್ಲಿ ಮರಿ ಸಮುದ್ರದ ತಳದಲ್ಲಿ ಕೂತಿದ್ದ. ಬೆನ್ನಿನ ಫ್ಲಾಸ್ಕು ಜಾರುತ್ತಿದೆ ಎಂದು ಮುಖ ಸಣ್ಣದು ಮಾಡಿಕೊಂಡ. ಹಲ್ಲಪ್ಪ ಆ ಗಡಿಬಿಡಿಯಲ್ಲೂ ಪಟ್ಟಿಯನ್ನು ಎಳೆದು ಬಿಗಿ ಮಾಡಿಕೊಟ್ಟು, "ಬೀಳಿಸ್ಬೇಡ ಮರೀ" ಎಂದು ಹೇಳಿ, ಮುಂದಿನ ಮೂಲೆಗೆ ತೆವಳಿದ.

ನಾಲ್ಕು ಹೊಡೆಯಿತು. ಫೋನು ಬಂತು, ಎತ್ತಲಿಲ್ಲ. ಮತ್ತೆ ಬಂತು. ಅದರ ಮೇಲೆ ದಿಂಬು ಇಟ್ಟ. ಅಡುಗೆಮನೆಯ ನೆಲದ ಮೇಲೆ ತಲೆಯ ಮೇಲೆ ಕೈ ಹೊತ್ತು ಕೂತ. ಅಳು ಬಂದರೆ ಮಕ್ಕಳಿಗೆ ಕಾಣುತ್ತದೆಂದು ಈರುಳ್ಳಿಯ ಬುಟ್ಟಿಯನ್ನು ಹತ್ತಿರ ಎಳೆದುಕೊಂಡ. ಎಂಟರಿಂದ ಎಂಟು. ಇವರಿಬ್ಬರ ಮಾತು, ಈ ತರಲೆ, ಈ ಗಲಾಟೆ, ಇದನ್ನೆಲ್ಲ ಇನ್ನು ಹೆಂಡತಿ ಹೇಳಿದರೆ ಕೇಳಬೇಕು.

ನಾಲ್ಕೂಕಾಲಿಗೆ ಬಾಗಿಲು ತಟ್ಟಿದ ಸದ್ದಾಯಿತು. ಒಂದು, ಎರಡು, ಮೂರು. ಮೂರೂ ಒಂದೇ ಅಳತೆ. ತೆರೆದರೆ ಎತ್ತರದ ಹಿರಿಯ ಹೆಂಗಸು. ಇಸ್ತ್ರಿ ಗೆರೆ ಕೆಡದ ಬಟ್ಟೆ, ಬಾಯಿಗೆ ಅಡ್ಡ ಹಿಡಿದ ಬಿಳಿ ಕರವಸ್ತ್ರ, ಇನ್ನೊಂದು ಕೈಯಲ್ಲಿ ಗೆರೆ ಹಾಕಿದ ನೋಟುಪುಸ್ತಕ. ಕೇಳುವುದೇ ಬೇಡ, ದೊಡ್ಡಮೇಡಂ. ಕ್ಲಿನಿಕ್ಕಿನಿಂದ ಸುದ್ದಿ ಬರಲೆಂದು ಮನೆಯಲ್ಲೇ ಕಾದು ಕಾದು, ವಿಳಾಸ ಪಡೆದು, ತಾವೇ ಬಂದಿದ್ದರು. ಪುಸ್ತಕ ತೆರೆದು ಮುಂದೆ ಹಿಡಿದರು. ಮೊದಲೇ ಬರೆದುಕೊಂಡಿದ್ದರು: "ನನ್ನ ಹಲ್ಲು ಎಲ್ಲಿ?" ಕೆಳಗೆ ಎರಡು ಗೆರೆ ಬೇರೆ.

ಹಲ್ಲಪ್ಪನಿಗೆ ಸುಳ್ಳು ಹುಟ್ಟಲಿಲ್ಲ. ಬಾಗಿಲಲ್ಲೇ ನಿಂತು ಸಂದರ್ಶನದಿಂದ ಹಿಡಿದು ದೊಡ್ಡಪ್ಪನವರೆಗೆ ಎಲ್ಲವನ್ನೂ ಒಪ್ಪಿಸಿಬಿಟ್ಟ. "ತಪ್ಪೆಲ್ಲ ನಂದೇ ಮೇಡಂ. ನಿಮ್ಮ ಬಾಯಿ ಬಗ್ಗೆ ನಾನು ಹಗುರವಾಗಿ ಮಾತಾಡಿದೆ. ಅದನ್ನ ನಂಬಿದ್ದು ಅವರ ತಪ್ಪಲ್ಲ."

ಮೇಡಂ ಅವನನ್ನು ನೋಡಿದರು. ಆಮೇಲೆ ಅವನ ಹಿಂದೆ ಬಂದು ನಿಂತ ಇಬ್ಬರನ್ನು ನೋಡಿದರು. ಒಳಗೆ ಬಂದು ಕುರ್ಚಿಯಲ್ಲಿ ನೆಟ್ಟಗೆ ಕೂತು ಬರೆದರು. ವಕೀಲ ಗಟ್ಟಿಯಾಗಿ ಓದಿದ: "ಹಲ್ಲಿಗೆ ಯಾವ ವಿಷಯದಲ್ಲಿ ಭಯ?"

"ನೀವು ಗದರಿಸ್ತೀರಲ್ಲ, ಅದಕ್ಕೆ. ಅದು ಒಳಗೇ ಇರುತ್ತೆ. ಎಲ್ಲಾ ಗದರೋದೂ ಅದಕ್ಕೇ ಮೊದಲು ಕೇಳಿಸೋದು."

ಮೇಡಂ ತುಸು ಯೋಚಿಸಿದರು. ಮೂವತ್ತಾರು ವರ್ಷದಲ್ಲಿ ಈ ಕೋನದಿಂದ ಯಾರೂ ಅವರಿಗೆ ಹೇಳಿರಲಿಲ್ಲ. ಬರೆದರು: "ದಿನಕ್ಕೆ ಐದು ಸಲ ಮಾತ್ರ ಗದರಿಸುತ್ತೇನೆ."

"ಒಂದು ಸಲ," ಎಂದ ವಕೀಲ.

"ಮೂರು," ಎಂದು ಬರೆದರು ಮೇಡಂ.

"ಒಂದು."

ಮೇಡಂ ಮೂರನ್ನು ಹೊಡೆದುಹಾಕಿದರು. "ಒಂದು," ಎಂದು ಬರೆದು, ಕೆಳಗೆ ಸಹಿ ಹಾಕಿ, ತಾರೀಖು ಹಾಕಿದರು. ಹಲ್ಲಪ್ಪ ಗೋಡೆಗೆ ಒರಗಿದ.

"ಆದ್ರೆ ಒಳಗೆ ಕತ್ತಲಲ್ವಾ?" ಎಂದ ಮರಿ. ಅವನಿಗೆ ಓದಲು ಬರುವುದಿಲ್ಲ. ಸಹಿ ತಾರೀಖುಗಳಿಂದ ಅವನಿಗೇನೂ ಆಗಬೇಕಾದ್ದಿರಲಿಲ್ಲ. "ಅದು ಹೋಗೋ ಮನೆ ನಾನು ನೋಡ್ಬೇಕು."

ಅಚ್ಚು ತೆಗೆಸಿಕೊಂಡ ಹೊತ್ತು ಬಿಟ್ಟರೆ, ಮೂರು ವಾರದಿಂದ ಆ ಕರವಸ್ತ್ರ ಹೆತ್ತ ಮಗಳ ಮುಂದೆಯೂ ಕೆಳಗಿಳಿದಿರಲಿಲ್ಲ ಎಂದು ಡಾಕ್ಟರು ಹೇಳಿದ್ದರು. "ಮರೀ, ಬೇಡಪ್ಪಾ," ಎಂದ ಹಲ್ಲಪ್ಪ. ಮೇಡಂ ಅವನಿಗೆ ಸುಮ್ಮನಿರು ಎಂದು ಕೈ ತೋರಿಸಿದರು. ಗಡಿಯಾರ ನೋಡಿದರು. ಮರಿಯನ್ನು ನೋಡಿದರು. ಕರವಸ್ತ್ರ ಮಡಚಿ ತೊಡೆಯ ಮೇಲಿಟ್ಟು, ಕಣ್ಣು ಮುಚ್ಚಿ, ಬಾಯಿ ತೆರೆದರು.

ಮರಿ ಟಾರ್ಚು ತಂದು ಕುರ್ಚಿಯ ಪಕ್ಕದ ಸ್ಟೂಲು ಹತ್ತಿದ. ವಕೀಲ ಕೆಳಗೆ ನಿಂತು ವಿಚಾರಿಸತೊಡಗಿದ.

"ಮನೆ ಹೆಂಗಿದೆ?"

"ದೊಡ್ಡದಿದೆ. ಖಾಲಿ ಇದೆ."

"ಗಾಳಿ ಬರುತ್ತಾ?"

"ಬರುತ್ತೆ. ಬೆಚ್ಚಗಿದೆ."

"ಒಳಗೆ ಯಾರಾದ್ರೂ ಇದಾರಾ?"

ಮರಿ ಇನ್ನಷ್ಟು ಬಗ್ಗಿದ. "ನಾಲಗೆ ಇದೆ. ಒಂದೇ ಇದೆ. ಪಾಪ ಅಣ್ಣಾ, ಅದಕ್ಕೆ ಜೊತೆಗೆ ಯಾರೂ ಇಲ್ಲ."

ಮೇಡಂ ಭುಜಗಳು ಅಲುಗಿದವು. ಅಳುತ್ತಿದ್ದಾರೋ ನಗುತ್ತಿದ್ದಾರೋ ಹಲ್ಲಪ್ಪನಿಗೆ ತಿಳಿಯಲಿಲ್ಲ. ಮುಚ್ಚಿದ ಕಣ್ಣಿನಿಂದ ನೀರಂತೂ ಇಳಿಯಿತು. ಮರಿ ಟಾರ್ಚು ಆರಿಸಿ, "ಮನೆ ಚೆನ್ನಾಗಿದೆ. ಹೋಗ್ಬಹುದು" ಎಂದು ತೀರ್ಪು ಕೊಟ್ಟು ಇಳಿದ. ಇಳಿದವನೇ ಬೆನ್ನಿನ ಫ್ಲಾಸ್ಕನ್ನು ಬಿಚ್ಚಿ, ಮುಚ್ಚಳ ತಿರುಗಿಸಿ, ತಂದೆಯ ಮುಂದೆ ಹಿಡಿದ. ಒಳಗೆ ನೀರು. ನೀರಿನೊಳಗೆ ದೊಡ್ಡಮೇಡಂ ಸೆಟ್ಟು, ಮೇಲಿನದೂ ಕೆಳಗಿನದೂ.

ತಾನೇ ಪಟ್ಟಿ ಬಿಗಿದದ್ದು ನೆನಪಾಗಿ ಹಲ್ಲಪ್ಪನಿಗೆ ತಲೆ ಚಚ್ಚಿಕೊಳ್ಳುವಂತಾಯಿತು. ಮರುಕ್ಷಣವೇ ಹೊಸ ಭಯ ಹುಟ್ಟಿತು. "ನೀರು ಬಿಸಿ ಇತ್ತೇನೋ?"

"ತಣ್ಣೀರು," ಎಂದ ಮರಿ, ಇದೆಂಥ ಪ್ರಶ್ನೆ ಎನ್ನುವಂತೆ. "ಬಿಸಿನೀರಿಗೆ ಹಾಕಿದ್ರೆ ಹಲ್ಲು ಸೊಟ್ಟಗಾಗುತ್ತಲ್ಲ."

ಹಲ್ಲಪ್ಪ ಸೆಟ್ಟು ತೊಳೆದುಕೊಟ್ಟ. ಮೇಡಂ ಆಚೆ ತಿರುಗಿ ಹಾಕಿಕೊಂಡರು. ಟಕ್ ಎಂದು ಸದ್ದಾಯಿತು; ಮೇಲಿನದು ಕೆಳಗಿನದರ ಮೇಲೆ ಸರಿಯಾಗಿ ಕೂತ ಸದ್ದು, ಹಲ್ಲಪ್ಪನ ಕಿವಿಗೆ ಚೆನ್ನಾಗಿ ಗೊತ್ತಿದ್ದ ಸದ್ದು. ಅವರು ಈಚೆ ತಿರುಗಿದರು. ದವಡೆಯನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ಆಡಿಸಿದರು. ಗಂಟಲು ಸರಿಮಾಡಿಕೊಂಡು, ಮೂರು ವಾರದ ನಂತರದ ಮೊದಲ ಮಾತು ಆಡಿದರು.

"ಎಲ್ಲಾ ಕೂತ್ಕೊಳ್ಳಿ!"

ಮೂವರೂ ನೆಲದ ಮೇಲೆ ದೊಪ್ಪನೆ ಕೂತರು. ಹಲ್ಲಪ್ಪ ಎಲ್ಲರಿಗಿಂತ ಮೊದಲು.

"ಇವತ್ತಿಂದು ಮುಗೀತು!" ಎಂದು ಮರಿ ಒಂದು ಬೆರಳು ಎತ್ತಿ ಕೂಗಿದ. ಮೇಡಂ ಇನ್ನೇನೋ ಹೇಳಲು ತೆರೆದ ಬಾಯನ್ನು, ಒಪ್ಪಂದ ನೆನಪಾಗಿ, ಮುಚ್ಚಿಕೊಂಡರು.

ಅಷ್ಟರಲ್ಲಿ ದಿಂಬಿನ ಕೆಳಗೆ ಫೋನು ಮತ್ತೆ ಬಡಿದುಕೊಂಡಿತು. ನಾಲ್ಕೂಮುಕ್ಕಾಲು. ಹಲ್ಲಪ್ಪ ಎತ್ತಿದ. ಡಾಕ್ಟರು ಈ ಸಲವೂ ದನಿಯೇರಿಸಲಿಲ್ಲ. "ನೀವು ಬರೋದು ಬೇಡ ಬಿಡಿ. ನಾನು ದೊಡ್ಡ ಲ್ಯಾಬಿಗೆ ಫೋನ್ ಮಾಡ್ತಾ ಇದೀನಿ." ಏನು ಹೇಳಿದರೂ ತಡ ತಡವೇ. ಹಲ್ಲಪ್ಪ ಮಕ್ಕಳತ್ತ ನೋಡಿದ. ಇಬ್ಬರೂ ಖಾಲಿ ಫ್ಲಾಸ್ಕಿನೊಳಗೆ ತಲೆ ಹಾಕಿ ಯಾರು ಜೋರಾಗಿ ಕೂಗುತ್ತಾರೆಂದು ಪಂದ್ಯ ಕಟ್ಟುತ್ತಿದ್ದರು.

ಮೇಡಂ ಕೈ ಚಾಚಿದರು. ಅವನು ಫೋನು ಕೊಟ್ಟ.

"ಡಾಕ್ಟ್ರೇ, ನಾನು. ಹೌದು, ನಾನೇ ಮಾತಾಡ್ತಿರೋದು. ಇಷ್ಟು ಸ್ಪಷ್ಟವಾಗಿ ಹಳೇ ಸೆಟ್ಟಲ್ಲೂ ಮಾತಾಡಿರ್ಲಿಲ್ಲ. ನೋಡಿ, ಇವರು ಮೂರಕ್ಕೇ ತಯಾರಾಗಿ ನಿಂತಿದ್ರು. ನಾನೇ ಮನೆಗೆ ಬಂದು, ಅದು ಹೇಗೆ ಮಾಡಿದ್ರಿ, ಇದು ಹೇಗೆ ಮಾಡಿದ್ರಿ ಅಂತ ಕೇಳ್ತಾ ಕೂತ್ಬಿಟ್ಟೆ. ತಡ ಆಗಿದ್ದು ನನ್ನಿಂದ. ಫೋನ್ ಎತ್ತಬೇಡಿ ಅಂದಿದ್ದೂ ನಾನೇ. ಇನ್ನೇನಾದ್ರೂ ಕೇಳೋದಿದೆಯಾ?"

ಡಾಕ್ಟರಿಗೆ ಕೇಳುವುದೇನೂ ಇರಲಿಲ್ಲ. ಅವರೂ ಒಂದು ಕಾಲದಲ್ಲಿ ಅದೇ ಶಾಲೆಯ ಮೂರನೇ ಬೆಂಚಿನಲ್ಲಿ ಕೂತವರು. ನಾಳೆ ಎರಡು ಅಚ್ಚು ಕಳಿಸುತ್ತೇನೆಂದು ಹಲ್ಲಪ್ಪನಿಗೆ ಹೇಳಿಬಿಡಿ ಎಂದು ಫೋನಿಟ್ಟರು.

ನಾಳೆ ಎರಡು ಅಚ್ಚು. ಹಾಗಾದರೆ ನಾಳೆ ಬೆಳಗ್ಗೆಯೂ ಇದೇ ಮನೆ, ಇದೇ ಗಲಾಟೆ, ಇದೇ ಇಬ್ಬರು. ಹಲ್ಲಪ್ಪನಿಗೆ ಮೈಯೆಲ್ಲ ಹಗುರಾಯಿತು. ಕೈ ಮುಗಿಯಲು ಹೋದ. ಆದರೆ ಮೇಡಂ ಮುಖ ಬಾಡಿತ್ತು. ಐದು ನಿಮಿಷ ತಡವಾಗಿ ಬಂದು ನೆಪ ಹೇಳಿದ ಮಕ್ಕಳನ್ನು ಜೀವಮಾನವಿಡೀ ಬಾಗಿಲ ಹೊರಗೆ ನಿಲ್ಲಿಸಿದವರು ಅವರು. ಕರವಸ್ತ್ರವನ್ನು ಬೆರಳಿಗೆ ಸುತ್ತುತ್ತಾ ಮೆಲ್ಲಗೆ ಹೇಳಿದರು: "ನಾನು ಈಗ ಸುಳ್ಳು ಹೇಳಿದೆ. ಅದೂ ಮಕ್ಕಳ ಮುಂದೆ."

ವಕೀಲ ಫ್ಲಾಸ್ಕಿನಿಂದ ತಲೆ ಹೊರಗೆ ತೆಗೆದ. ಅವನಿಗೆ ಅವರನ್ನು ನೋಡಿ ಪಾಪ ಅನ್ನಿಸಿತು.

"ನೀವಲ್ಲ ಮೇಡಂ," ಎಂದ. "ಅದು ಹಲ್ಲು ಹೇಳಿದ್ದು."

ಮೇಡಂ ನಕ್ಕರು, ಇಪ್ಪತ್ತೆಂಟೂ ಹಲ್ಲು ಕಾಣುವ ಹಾಗೆ, ಕರವಸ್ತ್ರ ನೆಲಕ್ಕೆ ಬಿದ್ದದ್ದೂ ಗೊತ್ತಾಗದ ಹಾಗೆ. ತನ್ನ ಕೈಯಲ್ಲಿ ಹುಟ್ಟಿದ ನಗುವನ್ನು ಅದರ ಒಡೆಯರ ಮುಖದಲ್ಲಿ ಇಷ್ಟು ಹತ್ತಿರದಿಂದ ಹಲ್ಲಪ್ಪ ನೋಡಿದ್ದು ಅದೇ ಮೊದಲು.

"ಹಾಗಾದ್ರೆ ಅದಕ್ಕೆ ಶಿಕ್ಷೆ ಆಗ್ಲೇಬೇಕು," ಎಂದು ಅವರು ಎದ್ದು ನಿಂತರು. "ಇವತ್ತು ರಾತ್ರಿಯಿಡೀ ಅದನ್ನ ನೀರಲ್ಲಿ ಕೂರಿಸ್ತೀನಿ."

"ತಣ್ಣೀರಲ್ಲಿ," ಎಂದ ಮರಿ.

"ತಣ್ಣೀರಲ್ಲೇ," ಎಂದು ಮಾತು ಕೊಟ್ಟು ಅವರು ಭಾಷಣಕ್ಕೆ ಹೊರಟರು.